ಅವ್ವನ ಪೆಟ್ಟಿಗೆ, ದೊಡ್ಡವ್ವನ ಗುಂಡಿ

ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಒಂದು ಮಧ್ಯಾಹ್ನ ಎಲ್ಲರೂ ಇಳಿದ ಮೇಲೂ ಅವ್ವ ಮಾತ್ರ ಬಸ್ಸಿನಿಂದ ಇಳಿಯಲಿಲ್ಲ. ಪಿರಿಯಾಪಟ್ಟಣದ ಕಡೆಯಿಂದ ಬಂದಿದ್ದೆವು. ನಾನು ಚೀಲ ಹಿಡಿದು ಕೆಳಗೆ ನಿಂತು ಬಾ ಬಾ ಎಂದು ಕರೆದೆ, ಆಮೇಲೆ ರೇಗಿದೆ. ರೇಗುವುದು ನನಗೆ ಉಸಿರಾಡಿದಷ್ಟೇ ಸಲೀಸು. ಅವಳು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕಿಟಕಿಯ ಆಚೆ ನೋಡುತ್ತಾ ಕೂತೇ ಇದ್ದಳು. ಮತ್ತೆ ಬಸ್ ಹತ್ತಿ ಅವಳ ಪಕ್ಕಕ್ಕೆ ಹೋದಾಗಲೇ ನನಗೆ ವಿಷಯ ತಿಳಿದದ್ದು. ಸೀರೆ ಒದ್ದೆಯಾಗಿತ್ತು. ಬರೀ ಒದ್ದೆಯಾಗಿದ್ದರೆ ಅವಳು ಹೇಗೋ ಇಳಿದುಬಿಡುತ್ತಿದ್ದಳು.

ಆ ವರ್ಷ ಅವಳಿಗೆ ಕರುಳಿನ ಆಪರೇಷನ್ ಆಗಿತ್ತು. ಜೀವ ಉಳಿಯಿತು, ಆದರೆ ಹೊಟ್ಟೆ ಅವಳ ಮಾತು ಕೇಳುವುದನ್ನು ಬಿಟ್ಟಿತು. ಬಂತು ಎಂದರೆ ಬಂತು, ಕಕ್ಕಸಿನ ಬಾಗಿಲು ತಲುಪುವಷ್ಟೂ ಪುರುಸೊತ್ತಿಲ್ಲ. ಆ ದಿನದ ಕಂಡಕ್ಟರ್ ಒಳ್ಳೆಯವನು. ಹತ್ತಲು ಬಂದವರಿಗೆಲ್ಲ ಈ ಬಸ್ ಕೆಟ್ಟಿದೆ, ಹಿಂದಿನದಕ್ಕೆ ಹೋಗಿ ಎಂದು ಸುಳ್ಳು ಹೇಳಿ, ಒಂದು ಬಕೆಟ್ ನೀರು ತಂದು ಮೆಟ್ಟಿಲ ಮೇಲಿಟ್ಟು, ಮುಖ ಆ ಕಡೆ ತಿರುಗಿಸಿಕೊಂಡು ನಿಂತ. ಅವ್ವ ಅಳಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಇನ್ನು ಮೇಲೆ ನಾನು ಎಲ್ಲಿಗೂ ಬರುವುದಿಲ್ಲ ಎಂದು ಹೇಳಿ ಮಲಗಿದಳು.

ಹೇಳಿದ ಹಾಗೆಯೇ ನಡೆದುಕೊಂಡಳು. ಮದುವೆ, ನಾಮಕರಣ, ಸಾವು, ಯಾವುದಕ್ಕೂ ಹೊಸ್ತಿಲು ದಾಟಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಳು, ಹಾಗಾಗಿ ಅವಳ ಈ ಹಟವನ್ನು ಹಗಲೆಲ್ಲ ನೋಡುವವಳು ನಾನೇ. ಅವಳಿಗೆ ಒಬ್ಬಳೇ ಅಕ್ಕ, ನನ್ನ ದೊಡ್ಡವ್ವ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹಾರನಹಳ್ಳಿಯ ಹತ್ತಿರದ ಒಂದು ಊರಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಗಂಡುಮಕ್ಕಳಿಲ್ಲದ ಮನೆಯೆಂದು ದೊಡ್ಡವ್ವನಿಗೆ ಮನೆ ಅಳಿಯನನ್ನು ತಂದಿದ್ದರಿಂದ, ಅವ್ವನಿಗೆ ತವರು ಎಂದರೆ ಈ ಅಕ್ಕನ ಮನೆಯೇ. ದೊಡ್ಡವ್ವನಿಗೋ ಮಂಡಿ ಸವೆದು ಬಸ್ಸಿನ ಮೆಟ್ಟಿಲು ಹತ್ತುವ ಹಾಗಿಲ್ಲ. ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಮುಟ್ಟುವ ದಾರಿ ಅದು. ಅಷ್ಟು ಹತ್ತಿರದಲ್ಲಿದ್ದುಕೊಂಡು ಅಕ್ಕ ತಂಗಿ ಫೋನಿನಲ್ಲಿ ಒಬ್ಬರ ಕೆಮ್ಮನ್ನು ಒಬ್ಬರು ಕೇಳುತ್ತಾ ವರ್ಷಗಳನ್ನು ಕಳೆದರು. ಒಂದು ದಿನ ಫೋನ್ ಇಟ್ಟ ಅವ್ವ ನನ್ನನ್ನು ನೋಡಿ, "ಇನ್ ನಾವಿಬ್ರೂ ಮೊಕ ನೋಡೋದು ಯಾರಾದ್ರೊಬ್ರು ಸತ್ತಾಗ್ಲೇ ಕಣವ್ವ" ಎಂದಳು.

ಅವ್ವ ಎದ್ದು ಹೋದ ಮೇಲೆ ಪಕ್ಕದಲ್ಲಿ ಉಣ್ಣುತ್ತಿದ್ದ ನಮ್ಮ ಯಜಮಾನರು ತಟ್ಟೆಯಲ್ಲೇ ಕೈ ತೊಳೆದು ಹೊರಗೆ ಹೋದರು. ಅವರದು ಲಾರಿಗೆ ಬಾಡಿ ಕಟ್ಟುವ ಕೆಲಸ. ಮಾತು ಕಡಿಮೆ, ವೆಲ್ಡಿಂಗ್ ಜಾಸ್ತಿ. ಕೆಲವು ದಿನಗಳಲ್ಲಿ ಶೆಡ್ಡಿನ ಮುಂದೆ ಒಂದು ಹಳೇ ಸ್ಕೂಲ್ ವ್ಯಾನು ಬಂದು ನಿಂತಿತು. ಅದರ ಸೀಟುಗಳನ್ನೆಲ್ಲ ಕಿತ್ತು, ಒಂದು ಮಂಚ, ಒಂದು ನೀರಿನ ಟ್ಯಾಂಕು, ಹಿಂದುಗಡೆ ಬಾಗಿಲು ಹಾಕಿಕೊಳ್ಳುವಂಥ ಒಂದು ಗೂಡು ಕಟ್ಟಿದರು. ಆ ಗೂಡಿನಲ್ಲಿ ಕಕ್ಕಸು. ಮೇಲೆ ಕೂರುವ ಪೀಠ, ಕೆಳಗೆ ಹೊರಗಿನಿಂದ ಎಳೆದು ತೆಗೆಯಬಹುದಾದ ಪ್ಲಾಸ್ಟಿಕ್ ಪೆಟ್ಟಿಗೆ, ಅದಕ್ಕೊಂದು ಬಿಗಿ ಮುಚ್ಚಳ, ಹಿಡಿ, ಚಕ್ರ. ವಿದೇಶದಲ್ಲಿ ಮನೆಯನ್ನೇ ಗಾಡಿ ಮಾಡಿಕೊಂಡು ತಿರುಗುವವರು ಇಂಥದ್ದನ್ನು ಇಟ್ಟುಕೊಳ್ಳುತ್ತಾರಂತೆ, ಫೋನಿನಲ್ಲಿ ನೋಡಿ ತರಿಸಿದ್ದರು. ಹೊರಗಡೆ ಸ್ಕೂಲಿನ ಹೆಸರನ್ನು ಅಳಿಸಿದರು, ಆದರೆ ಹಳದಿ ಬಣ್ಣವನ್ನೂ, ಹಿಂದೆ ಬರೆದಿದ್ದ 'ಮಕ್ಕಳಿದ್ದಾರೆ, ನಿಧಾನ' ಎಂಬುದನ್ನೂ ಹಾಗೆಯೇ ಬಿಟ್ಟರು. ಯಾಕೆ ಎಂದರೆ, ಹಿಂದಿನ ಗಾಡಿಯವರು ಗೌರವ ಕೊಡ್ತಾರೆ ಅಂದರು.

ಅವ್ವ ಶೆಡ್ಡಿಗೆ ಬಂದು ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಅಳಿಯನ ಕಡೆ ನೇರವಾಗಿ ನೋಡದೆ, ಗೂಡಿನ ಬಾಗಿಲನ್ನು ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಆಮೇಲೆ ಸೆರಗಿನಿಂದ ಆ ಬಾಗಿಲ ಹಿಡಿಯನ್ನು ಒರೆಸಿದಳು. ಮನುಷ್ಯ ಮನುಷ್ಯನಿಗೆ ಮಾಡಬಹುದಾದ ಉಪಕಾರಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಇನ್ನೂ ನೋಡಿಲ್ಲ. ಗಂಡನ ಮೇಲೆ ಅಷ್ಟು ವರ್ಷದಿಂದ ಜಮಾ ಆಗಿದ್ದ ಸಿಟ್ಟಿನಲ್ಲಿ ಅರ್ಧ ಅವತ್ತೇ ಕರಗಿಹೋಯಿತು.

ಸೀದಾ ಅಕ್ಕನ ಮನೆಗೆ ಹೋಗೋಣ ಎಂದರೆ ಅವ್ವ ಒಪ್ಪಲಿಲ್ಲ. ಮೊದಲು ಬೇರೆ ಎಲ್ಲಾದರೂ ಹೋಗಿ ನೋಡೋಣ, ಅಲ್ಲಿ ಹೋಗಿ ಮಾನ ಕಳೆದುಕೊಳ್ಳುವುದು ಬೇಡ ಎಂದಳು. ಹಾಗಾಗಿ ಒಂದು ಭಾನುವಾರ ಕೆ.ಆರ್. ನಗರದ ಕಡೆ ಹೊರಟೆವು. ಅಲ್ಲಿ ಯಜಮಾನರ ಸ್ನೇಹಿತರೊಬ್ಬರ ಗದ್ದೆ ಇದೆ. ಅವ್ವ ದಾರಿಯುದ್ದಕ್ಕೂ ಕಿಟಕಿಯಲ್ಲಿ ಕೂತು, ಯಾರೋ ಹೊಸ ಮನೆ ಕಟ್ಟಿದ್ದನ್ನೂ, ಯಾವುದೋ ಆಲದ ಮರ ಕಡಿದದ್ದನ್ನೂ ಹೇಳುತ್ತಾ ಬಂದಳು. ನಡುವೆ ಗೂಡಿಗೆ ಹೋಗಿ ಬಂದಳು, ಗಾಡಿ ನಿಲ್ಲಲೂ ಇಲ್ಲ. ಬಂದು ಕೂತಾಗ ಅವಳ ಮುಖದಲ್ಲಿ ಗೆದ್ದವಳ ಕಳೆ ಇತ್ತು.

ಸಾಯಂಕಾಲ ಹೊರಡುವ ಮುಂಚೆ ಸ್ನೇಹಿತರು ಆ ಪೆಟ್ಟಿಗೆಯನ್ನು ಕುತೂಹಲದಿಂದ ನೋಡಿ, ತುಂಬಿದರೆ ಏನು ಮಾಡುತ್ತೀರಿ ಎಂದು ಕೇಳಿದರು. ಮನೆಗೆ ಕೊಂಡೊಯ್ದು ನಮ್ಮ ಕಕ್ಕಸಿಗೇ ಸುರಿಯುತ್ತೇವೆ ಎಂದೆ. ಅವರು ನಕ್ಕರು. ಗದ್ದೆಯ ಅಂಚಿನಲ್ಲೇ ನಾಲೆ ಹರಿಯುತ್ತಿತ್ತು, ಅದನ್ನು ತೋರಿಸಿ, "ಅಷ್ಟ್ ದೂರ ಯಾಕ್ ಒತ್ಕೊಂಡ್ ಓಯ್ತೀರ, ಇಲ್ಲೇ ಬುಟ್ಬುಡಿ. ಅರಿಯೋ ನೀರು, ಗಳಿಗೇಲಿ ಎಲ್ಲಿಗೋ ಒಂಟೋಯ್ತದೆ" ಎಂದರು. ಕೆಟ್ಟ ಮನುಷ್ಯರಲ್ಲ, ನಮಗೆ ಅನುಕೂಲವಾಗಲಿ ಎಂದೇ ಹೇಳಿದ್ದು. ಯಜಮಾನರು ನನ್ನ ಮುಖ ನೋಡಿದರು. ಅಷ್ಟರಲ್ಲಿ ವ್ಯಾನಿನ ಒಳಗಿನಿಂದ ಅವ್ವನ ದನಿ ಕೇಳಿತು.

"ಎಲ್ಲಿಗೋ ಅಂದ್ರೆ ಎಲ್ಗಪ್ಪ?"

ನಾಲೆಯ ಕೆಳಗಡೆ ಹೆಂಗಸೊಬ್ಬಳು ಪಾತ್ರೆ ತೊಳೆಯುತ್ತಿದ್ದಳು, ಅದರಾಚೆ ದನಗಳು ನೀರು ಕುಡಿಯುತ್ತಿದ್ದವು. ಅವ್ವ ಅಷ್ಟನ್ನೂ ಕಿಟಕಿಯಿಂದ ನೋಡುತ್ತಿದ್ದಳು. ಪೆಟ್ಟಿಗೆ ನಮ್ಮ ಜೊತೆಯೇ ಹುಣಸೂರಿಗೆ ಬಂತು. ಆ ಪ್ರಶ್ನೆ ಮಾತ್ರ ನನ್ನ ತಲೆಯೊಳಗೆ ಉಳಿದುಹೋಯಿತು. ನಾನು ಹುಟ್ಟಿದಾಗಿನಿಂದ ಕಕ್ಕಸಿಗೆ ನೀರು ಹಾಕಿ ಬಾಗಿಲು ಮುಚ್ಚಿ ಬಂದವಳು. ಅದು ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಲವಾದರೂ ಯೋಚಿಸಿದ್ದೆನಾ? ಅಷ್ಟೂ ಮನೆಗಳ, ಅಷ್ಟೂ ಊರುಗಳ ಅಷ್ಟೂ ಜನರದು ದಿನಾ ಎಲ್ಲೋ ಒಂದು ಕಡೆ ಹೋಗುತ್ತಲೇ ಇದೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಎರಡನೆಯ ಸಲ ಎಚ್.ಡಿ. ಕೋಟೆಯ ಆಚೆ ಒಂದು ಮದುವೆಗೆ ಹೋದೆವು. ಹಿಂದಿನ ದಿನವೇ ಹೋಗಿ, ಒಂದು ರಾತ್ರಿ ವ್ಯಾನಿನಲ್ಲೇ ಇದ್ದು, ಧಾರೆ ಮುಗಿಸಿಕೊಂಡು ಬರುವುದು ಎಂದಾಗಿತ್ತು. ಪೆಟ್ಟಿಗೆ ಒಂದು ದಿನಕ್ಕೆ ಸಾಕು, ಎರಡು ದಿನಕ್ಕೆ ಸಾಲದು. ಮದುವೆಯ ದಿನ ಬೆಳಿಗ್ಗೆ, ನೆಂಟರ ಮುಂದೆ ಬೇಡವೆಂದು, ಯಜಮಾನರು ಕೋಟೆಯ ಹತ್ತಿರದ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿಗೆ ಬಂದು ಪೆಟ್ಟಿಗೆ ಬಗ್ಗಿಸಲು ಜಾಗ ಹುಡುಕಿದರು. ಅಲ್ಲಿನ ಒಂದು ಸಾರ್ವಜನಿಕ ಕಕ್ಕಸು ಕಟ್ಟಿಕೊಂಡಿತ್ತು, ಇನ್ನೊಂದಕ್ಕೆ ಬೀಗ. ಹೋಟೆಲಿನವರು ವಿಷಯ ಕೇಳಿ, ನಮ್ಮ ಗುಂಡಿಯೇ ತುಂಬಿ, ಅದನ್ನು ಹೀರುವ ಗಾಡಿಗೆ ಹೇಳಿ ಕಳಿಸಿದ್ದೇವೆ ಎಂದು ಕೈ ಮುಗಿದರು. ಟೀ ಕುಡಿಯುತ್ತಿದ್ದ ಒಬ್ಬರು ಕಾಡಿನ ಕಡೆ ಕೈ ತೋರಿಸಿದರು. ಎಲ್ಲರೂ ಒಂದೊಂದು ಕಡೆ ಕೈ ತೋರಿಸುವವರೇ, ಆ ಕಡೆ ಹಳ್ಳವೋ ಕೆರೆಯೋ ಕಾಡೋ ಇದ್ದೇ ಇರುತ್ತದೆ. ಯಜಮಾನರು ಹೋದ ದಾರಿಯಲ್ಲೇ ವಾಪಸು ಬಂದು, ಹೇಗೋ ಆಗುತ್ತದೆ ಅತ್ತೆ, ಯೋಚನೆ ಮಾಡಬೇಡಿ ಎಂದು ಅವ್ವನಿಗೆ ಹೇಳಿದರು.

ಅವ್ವ ಯೋಚನೆ ಮಾಡಿದಳು. ಅವಳು ಹುಡುಕಿಕೊಂಡ ಉಪಾಯ ನನಗೆ ತಿಳಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕಾಫಿ ಬೇಡ ಎಂದಳು, ಎಳನೀರು ಬೇಡ ಎಂದಳು. ಊಟದ ಎಲೆಯ ಮುಂದೆ ಅನ್ನವನ್ನು ಕೆದಕಿ ಹಾಗೆಯೇ ಎಲೆ ಮಡಿಸಿದಳು. ಲೋಟದ ನೀರನ್ನು ತುಟಿಗೆ ತಾಗಿಸಿ ಇಟ್ಟಳು. ಬೆಳಗಿನಿಂದ ನೀರೇ ಕುಡಿದಿರಲಿಲ್ಲ. ಕುಡಿದರೆ ಪೆಟ್ಟಿಗೆ ತುಂಬುತ್ತದೆ, ತುಂಬಿದರೆ ಅಳಿಯ ಬೀದಿಯಲ್ಲಿ ನಿಂತು ಕಂಡವರನ್ನೆಲ್ಲ ಕೇಳಬೇಕು. ನಾನು ಬಾಯಿಗೆ ಬಂದಂತೆ ಬೈದೆ. ಅವಳು ಬಿರಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡು, ಬಾಯಾರಿಕೆ ಇಲ್ಲ ಬುಡು ಎಂದಳು.

ಬರುವ ದಾರಿಯಲ್ಲಿ, ಕಾಡಿನ ಅಂಚಿನಲ್ಲಿ, ರಸ್ತೆಯ ಪಕ್ಕ ಆನೆ ಲದ್ದಿ ಬಿದ್ದಿತ್ತು. ಗಾಡಿ ನಿಧಾನ ಮಾಡಿ ಎಂದು ಅವ್ವನೇ ಹೇಳಿದಳು. ಕಿಟಕಿಯಿಂದ ನೋಡಿದೆವು. ಹೊಸ ಲದ್ದಿಯ ಮೇಲೆ ಚಿಟ್ಟೆಗಳು ಗುಂಪಾಗಿ ಕೂತಿದ್ದವು, ಕಪ್ಪು ಹುಳಗಳು ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗುತ್ತಿದ್ದವು. ಪಕ್ಕದಲ್ಲಿ ಒಣಗಿದ ಹಳೆಯ ಲದ್ದಿ, ಅದರ ನಡುವಿನಿಂದ ಯಾವುದೋ ಮರದ ಎರಡೆಲೆಯ ಸಸಿ ಮೇಲೆದ್ದಿತ್ತು. ಅಷ್ಟು ದೊಡ್ಡ ಪ್ರಾಣಿ ತನ್ನ ಪಾಡಿಗೆ ಹಾಕಿ ನಡೆದಿದೆ, ಅದರ ಹಿಂದೆ ಒಂದು ಸಂತೆಯೇ ನೆರೆದಿದೆ. ಅವ್ವ ಬಹಳ ಹೊತ್ತು ನೋಡಿ, "ಅದ್ರದ್ನ ಬೇಕು ಅನ್ನೋರು ಎಷ್ಟೊಂದ್ ಜನ ಅವ್ರೆ ನೋಡು. ನಂದ್ನ ಎಲ್ರೂ ಬ್ಯಾಡ ಅಂತಾರೆ" ಎಂದಳು. ಅವಳು ಬೇಸರದಿಂದ ಹೇಳಿದಳೋ ತಮಾಷೆಗೆ ಹೇಳಿದಳೋ ಗೊತ್ತಾಗಲಿಲ್ಲ. ಹುಣಸೂರು ಮುಟ್ಟುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಒರಗಿಕೊಂಡಳು. ಗ್ಲೂಕೋಸ್ ಏರಿಸಿದ ಡಾಕ್ಟರು ನಮ್ಮನ್ನು ಚೆನ್ನಾಗಿ ಬೈದರು. ಮನೆಗೆ ಬಂದ ಮೇಲೆ ಅವ್ವ ಯಜಮಾನರನ್ನು ಕರೆದು, ಆ ಗಾಡೀನ ಯಾರ್ಗಾರ ಕೊಟ್ಬುಡಿ ಅಂದಳು.

ವಿಷಯ ಫೋನಿನಲ್ಲಿ ದೊಡ್ಡವ್ವನಿಗೆ ತಲುಪಿತು. ತಲುಪಿಸಿದವಳು ನಾನೇ, ನನಗೆ ಹೊಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ದೊಡ್ಡವ್ವ ಎಲ್ಲ ಕೇಳಿಸಿಕೊಂಡು, ಫೋನನ್ನು ಅವಳ ಕೈಗೆ ಕೊಡು ಎಂದಳು. ಸ್ಪೀಕರ್ ಹಾಕಿ ಕೊಟ್ಟೆ.

"ಇಲ್ಲಿ ನಮ್ ಕಕ್ಕಸ್ಗೆ ಎರಡ್ ಗುಂಡಿ ಅವೆ ಕಣೇ. ಅದ್ನ ತಂದು ಇಲ್ಲಿಗೆ ಉಯ್ಯಿ" ಎಂದಳು ದೊಡ್ಡವ್ವ.

"ನನ್ ಒಲಸ್ನ ತವರ್ಮನೆಗೆ ತರ್ಲಾ ಅಕ್ಕ?"

"ನೀ ಉಟ್ದಾಗ ಅವ್ವಂಗೆ ಬಾಣಂತಿ ಸನ್ನಿ. ನಿನ್ ಬಟ್ಟೆನೆಲ್ಲ ಒಗ್ದೋಳು ನಾನು. ಆಗ ಇಲ್ದಿದ್ ನಾಚ್ಕೆ ಈಗೆಲ್ಲಿಂದ ಬಂತು?"

ಅವ್ವ ಫೋನನ್ನು ಎದೆಗೆ ಒತ್ತಿಕೊಂಡು ಕೂತಳು. ಮಾರನೆಯ ವಾರ ನಾವು ಹೊರಟೆವು.

ದೊಡ್ಡವ್ವ ಜಗುಲಿಯ ಮೇಲೆ ಕಾಯುತ್ತಾ ಕೂತಿದ್ದಳು. ವ್ಯಾನು ನಿಂತ ಮೇಲೆ ಅವಳಿಗೆ ಏಳುವುದಕ್ಕೆ ಹೊತ್ತಾಯಿತು, ಅವ್ವನಿಗೆ ಇಳಿಯುವುದಕ್ಕೆ ಹೊತ್ತಾಯಿತು. ನಡುವಿನ ಅಂಗಳವನ್ನು ಇಬ್ಬರೂ ಅರ್ಧರ್ಧ ದಾಟಿ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಗೋಡೆಯ ಹತ್ತಿರ ಸೇರಿದರು. ಅಪ್ಪಿಕೊಳ್ಳುವುದೆಲ್ಲ ನಮ್ಮ ಕಡೆ ರೂಢಿಯಿಲ್ಲ. ದೊಡ್ಡವ್ವ ತಂಗಿಯ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಮುದುಕಿಯಾಗಿಬಿಟ್ಟಿದ್ದೀಯಲ್ಲೇ ಎಂದಳು.

ಕಕ್ಕಸು ಹಿತ್ತಲಿನಲ್ಲಿತ್ತು, ಬೋರ್‌ವೆಲ್ಲಿನಿಂದ ಸಾಕಷ್ಟು ದೂರದಲ್ಲಿ. ಅದರ ಹಿಂದೆ ನೆಲದಲ್ಲಿ ಎರಡು ದುಂಡನೆಯ ಚಪ್ಪಡಿಗಳು. ದೊಡ್ಡವ್ವನ ಮಗ, ನನಗೆ ಅಣ್ಣನಾಗಬೇಕು, ಅದನ್ನು ವಿವರಿಸಿದ. ಒಂದು ಸಲಕ್ಕೆ ಒಂದೇ ಗುಂಡಿಗೆ ಹೋಗುತ್ತದೆ. ಅದು ತುಂಬಿದಾಗ ದಾರಿ ತಿರುಗಿಸಿ ಇನ್ನೊಂದಕ್ಕೆ ಬಿಟ್ಟು, ತುಂಬಿದ್ದನ್ನು ಎರಡು ಮಳೆಗಾಲ ಮುಟ್ಟದೆ ಮುಚ್ಚಿಡುವುದು. ಆಮೇಲೆ? ಆಮೇಲೆ ತೆಗೆದರೆ ಮಣ್ಣು ಇರುತ್ತದೆ ಅಂದ. ಇವರದು ಇನ್ನೂ ಮೊದಲ ಗುಂಡಿಯೇ ತುಂಬಿರಲಿಲ್ಲವಾದ್ದರಿಂದ ಅವನೂ ಕಣ್ಣಾರೆ ಕಂಡವನಲ್ಲ. ಮಣ್ಣಂತೆ ಮಣ್ಣು, ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಯಜಮಾನರು ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಪೆಟ್ಟಿಗೆಯನ್ನು ಉರುಳಿಸಿಕೊಂಡು ಬಂದು, ಚೆಲ್ಲದ ಹಾಗೆ ಸ್ವಲ್ಪ ಸ್ವಲ್ಪವೇ ಕಕ್ಕಸಿಗೆ ಬಗ್ಗಿಸಿದರು. ಅಷ್ಟು ಹೊತ್ತೂ ದೊಡ್ಡವ್ವ ಕೋಲೂರಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಮೂಗು ಮುಚ್ಚಿಕೊಳ್ಳಲಿಲ್ಲ. ಅವ್ವ ಅಡುಗೆಮನೆಯ ಕಿಟಕಿಯಿಂದ ಅಕ್ಕನ ಮುಖವನ್ನೇ ನೋಡುತ್ತಿದ್ದಳು.

ಹೊರಡುವಾಗ ದೊಡ್ಡವ್ವ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ ತಂದು ಮಡ್ಲಕ್ಕಿ ತುಂಬಿದಳು. ತವರಿನಿಂದ ಹೊರಟ ಹೆಣ್ಣುಮಗಳು ಬರಿ ಮಡಿಲಲ್ಲಿ ಹೋಗಬಾರದು. ಆಮೇಲೆ ತಿಂಗಳಿಗೊಂದು ಸಲವಾದರೂ ಹೋಗುವುದು ರೂಢಿಯಾಯಿತು. ಹೋಗುವಾಗ ಅವ್ವನೂ ಬರಿಗೈಲಿ ಹೋಗುವವಳಲ್ಲ. ಹುಣಸೂರಿನ ಬೇಕರಿಯಿಂದ ಖಾರಾ ಬನ್ನು, ಬಾಳೆಹಣ್ಣು, ಹೂವು, ಎಲ್ಲವನ್ನೂ ತನ್ನ ಬಟ್ಟೆ ಚೀಲದಲ್ಲಿ ತಾನೇ ತುಂಬುತ್ತಿದ್ದಳು. ನಾನು ಮುಟ್ಟಲು ಹೋದರೆ ಕೈ ಮೇಲೆ ಹೊಡೆಯುತ್ತಿದ್ದಳು. ದಾರಿಯಲ್ಲಿ ನೀರು ಮಾತ್ರ ಗುಟುಕು ಗುಟುಕಾಗಿಯೇ, ಮಾತ್ರೆ ನುಂಗುವಷ್ಟೇ. ಎಷ್ಟು ಹೇಳಿದರೂ ಅಷ್ಟೇ.

ಬೇಸಗೆ ಬರುವ ಹೊತ್ತಿಗೆ ಅತ್ತಿಗೆಯ ಮುಖದಲ್ಲಿ ಏನೋ ಕಾಣತೊಡಗಿತು. ನಾವು ಬಂದಾಗ ನಗುತ್ತಾಳೆ, ಬಡಿಸುತ್ತಾಳೆ, ಆದರೆ ಹಿತ್ತಲ ಬಾಗಿಲನ್ನು ಬೇಗ ಬೇಗ ಮುಚ್ಚುತ್ತಾಳೆ. ನಾನು ಬಿಡುತ್ತೇನೆಯೇ? ಪಕ್ಕಕ್ಕೆ ಕರೆದು ಕೇಳಿದೆ. ಅವಳು ಬಹಳ ಸಂಕೋಚಪಟ್ಟುಕೊಂಡು ಹೇಳಿದಳು: ಗುಂಡಿ ನಾರುತ್ತಿದೆ, ಹಿಂದೆ ಹೀಗಿರಲಿಲ್ಲ, ಕೆಳಗೆ ಇಳಿಯುತ್ತಲೂ ಇಲ್ಲ. ಅತ್ತೆಗೆ ಹೇಳಿದರೆ ಬೈಯುತ್ತಾರೆ, ನಿಮಗೆ ಹೇಳಲು ಬಾಯಿ ಬರುವುದಿಲ್ಲ. ಇದು ಅವ್ವನ ಕಿವಿಗೆ ಬಿದ್ದರೆ ಮುಗಿಯಿತು, ಮತ್ತೆ ಆ ಹೊಸ್ತಿಲು ದಾಟುವವಳಲ್ಲ. ಏನು ಮಾಡುವುದೆಂದು ಅಡುಗೆಮನೆಯಲ್ಲಿ ಪಿಸುಗುಟ್ಟುತ್ತಿರುವಾಗಲೇ ಜಗುಲಿಯಿಂದ ದೊಡ್ಡವ್ವ ಕೂಗಿದಳು. ಖಾರಾ ಬನ್ನು ಕಚ್ಚಿ, ಮುಖ ಕಿವುಚಿಕೊಂಡು ಕೂತಿದ್ದಳು.

"ಇದ್ಯಾಕೆ ಆಸ್ಪತ್ರೆ ವಾಸ್ನೆ ಒಡೀತದೆ?"

ನಾನು ಬನ್ನು ಮೂಸಿದೆ, ಬಾಳೆಹಣ್ಣು ಮೂಸಿದೆ, ಚೀಲದೊಳಗೆ ಕೈ ಹಾಕಿದೆ. ಹೂವಿನ ಕೆಳಗೆ, ಹಳೇ ರವಿಕೆಯಲ್ಲಿ ಸುತ್ತಿದ ಫಿನೈಲ್ ಬಾಟಲಿ. ಮುಚ್ಚಳ ಸಡಿಲವಾಗಿ ಸೋರಿತ್ತು, ಅರ್ಧ ಖಾಲಿಯಾಗಿತ್ತು. ಅವ್ವ ಗೋಡೆಗೆ ಒರಗಿ ತಲೆ ಬಗ್ಗಿಸಿದಳು. ಪ್ರತಿ ಸಲ ಗೂಡಿಗೆ ಹೋದಾಗಲೂ ಧಾರಾಳವಾಗಿ ಪೆಟ್ಟಿಗೆಗೆ ಸುರಿಯುತ್ತಿದ್ದಳಂತೆ. ನಮ್ಮ ಮನೆಗಳಲ್ಲಿ ಶುಚಿ ಎಂದರೆ ಫಿನೈಲಿನ ವಾಸನೆ. ನೆಂಟರು ಬರುತ್ತಾರೆಂದರೆ ಮೊದಲು ಅದರಲ್ಲೇ ನೆಲ ಒರೆಸುವುದು. ಅವಳ ಲೆಕ್ಕದಲ್ಲಿ ಅದು ಅಕ್ಕನ ಮನೆಗೆ ತೋರಿಸಿದ ಮರ್ಯಾದೆ. ನನ್ ವಾಸ್ನೆ ನಿಮ್ಗೆ ಬರದೇ ಇರ್ಲಿ ಅಂತ ಆಕ್ದೆ, ಎಂದಳು. ದನಿ ಕೇಳಿಸಲಾರದಷ್ಟು ಸಣ್ಣದಾಗಿತ್ತು.

ಅತ್ತಿಗೆ ಹಿಂದಿನ ದಿನ ರುಬ್ಬಿಟ್ಟಿದ್ದ ದೋಸೆ ಹಿಟ್ಟಿನ ಪಾತ್ರೆ ಅಲ್ಲೇ ಇತ್ತು, ಉಬ್ಬಿ ತಟ್ಟೆಯನ್ನು ಎತ್ತಿ ಅಂಚಿಗೆ ಇಳಿದಿತ್ತು. ಅವಳು ಅದನ್ನೂ ಬಾಟಲಿಯನ್ನೂ ನೋಡಿ, "ಇದ್ಕೆ ಒಂದ್ ಮುಚ್ಚಳ ಫಿನೈಲ್ ಉಯ್ದಿದ್ರೆ ಇಟ್ಟು ಉಕ್ತಿತ್ತಾ ಚಿಕ್ಕತ್ತೆ? ಗುಂಡೀಲೂ ಇಂಗೇ ಏನೋ ಉಳಿ ಬಂದು ಕೆಲ್ಸ ಮಾಡ್ತಿತ್ತು, ಈಗ ಅದು ಸತ್ತೋಗ್ಯದೆ" ಎಂದಳು. ನಾವೆಲ್ಲ ಹಿಟ್ಟಿನ ಪಾತ್ರೆಯನ್ನು ಹೊಸದಾಗಿ ನೋಡಿದೆವು. ಗುಂಡಿಯೊಳಗೆ ಹುಳಿಯುವಂಥದ್ದೊಂದು ಇದೆ, ಅದಕ್ಕೂ ಜೀವವಿದೆ, ಹಗಲಿರುಳು ಕೆಲಸ ಮಾಡುತ್ತದೆ, ಅದನ್ನು ನಾವೇ ವಿಷ ಹಾಕಿ ಕೊಂದಿದ್ದೇವೆ. ಹೊಲಸನ್ನು ಶುಚಿ ಮಾಡುತ್ತಿದ್ದದ್ದು ಅದು, ಬಾಟಲಿಯಲ್ಲ.

ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು. ಗಾಡಿ ತೆಗೀರಿ ಎಂದಳು. ನಾನು ಹೆದರಿದ್ದ ಮಾತೇ ಬಂತು: ಅಕ್ಕನ ಮನೆಯನ್ನೂ ಕೆಡಿಸಿದೆ, ಇನ್ನು ಬರುವುದಿಲ್ಲ. ದೊಡ್ಡವ್ವ ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಮಗನನ್ನು ಕರೆದು, ಆ ಗುಂಡಿಗೆ ಎರಡು ಬಕೆಟ್ ಸಗಣಿ ನೀರು ಬಿಟ್ಟು ಮುಚ್ಚು, ದಾರಿಯನ್ನು ಇನ್ನೊಂದಕ್ಕೆ ತಿರುಗಿಸು ಎಂದಳು. ಆಮೇಲೆ ತಂಗಿಯ ಕಡೆ ತಿರುಗಿದಳು.

"ಆ ಗುಂಡಿ ತೆಗ್ಯೋ ದಿನ ನೀನು ಇಲ್ಲಿರ್ಬೇಕು. ಅಲ್ಲಿಗಂಟ ತಿಂಗ್ಳು ತಿಂಗ್ಳೂ ಬರ್ಬೇಕು. ಬರೀ ನೀರ್ ಆಕು, ಇನ್ನೇನೂ ಬ್ಯಾಡ. ವಾಸ್ನೆ ಬಂದ್ರೆ ಬರ್ಲಿ ಕಣೇ, ನಿಂದೇ ಅಲ್ವಾ."

ಅವ್ವ ಮಾತಿಗೆ ಕಟ್ಟುಬಿದ್ದವಳ ಹಾಗೆ ಬರುತ್ತಿದ್ದಳು, ಖುಷಿಯಿಂದಲ್ಲ. ಫಿನೈಲ್ ಬಿಟ್ಟಳು, ನೀರು ಕುಡಿಯುವುದನ್ನು ಇನ್ನೂ ಕಡಿಮೆ ಮಾಡಿದಳು. ಮುಚ್ಚಿದ ಗುಂಡಿಯ ಚಪ್ಪಡಿಯನ್ನು ಹಿತ್ತಲಿಗೆ ಹೋದಾಗಲೆಲ್ಲ ವಾರೆಗಣ್ಣಿನಲ್ಲಿ ನೋಡುತ್ತಿದ್ದಳು. ದೀಪಾವಳಿಯಲ್ಲಿ ನಮ್ಮ ಕಡೆ ತಿಪ್ಪೆಗೂ ದೀಪ ಇಡುತ್ತೇವೆ, ಹೊಲಕ್ಕೆ ಅನ್ನ ಹಾಕುವುದು ಅದೇ ತಾನೇ. ಆ ಸಲ ದೊಡ್ಡವ್ವ ತಿಪ್ಪೆಗೊಂದು ಇಟ್ಟು, ಕೋಲೂರಿಕೊಂಡು ಹಿತ್ತಲಿಗೆ ಹೋಗಿ, ಆ ಚಪ್ಪಡಿಯ ಮೇಲೂ ಒಂದು ಹಣತೆ ಇಟ್ಟು ಬಂದಳಂತೆ. ಅತ್ತಿಗೆ ಫೋನಿನಲ್ಲಿ ನಗುತ್ತಾ ಹೇಳಿದಳು. ನಾನು ಅವ್ವನಿಗೆ ಹೇಳಿದೆ. ಅವ್ವ ನಗಲಿಲ್ಲ.

ಎರಡು ಮಳೆಗಾಲ ಕಳೆದು, ಇನ್ನೂ ಒಂದು ಬೇಸಗೆ ಹೆಚ್ಚಿಗೆ ಇರಲಿ ಎಂದು ಬಿಟ್ಟು, ಅಣ್ಣ ಕೊನೆಗೂ ಗುಂಡಿ ತೆಗೆಯುವ ದಿನ ಗೊತ್ತುಮಾಡಿದ. ದೊಡ್ಡವ್ವ ಹಿತ್ತಲಿನಲ್ಲಿ ಎರಡು ಕುರ್ಚಿ ಹಾಕಿಸಿದ್ದಳು, ಒಂದು ತನಗೆ, ಒಂದು ತಂಗಿಗೆ. ನಾನು ಸೆರಗನ್ನು ಮೂಗಿಗೆ ಸುತ್ತಿಕೊಂಡು ಸಿದ್ಧಳಾಗಿ ನಿಂತೆ. ಅಣ್ಣನೂ ಯಜಮಾನರೂ ಹಾರೆ ಹಾಕಿ ಚಪ್ಪಡಿಯನ್ನು ಪಕ್ಕಕ್ಕೆ ಸರಿಸಿದರು. ಅವ್ವ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಆ ದಿನ ಬಸ್ಸಿನ ಕಂಬಿಯನ್ನೂ ಹಾಗೆಯೇ ಹಿಡಿದಿದ್ದಳು.

ಏನೂ ನಾರಲಿಲ್ಲ. ನಾನು ಸೆರಗು ತೆಗೆದು ಮತ್ತೆ ಉಸಿರೆಳೆದೆ. ಮೊದಲ ಮಳೆ ಬಿದ್ದಾಗ ಹೊಲದಿಂದ ಬರುತ್ತದಲ್ಲ, ಆ ವಾಸನೆ ಬಂತು. ಅಣ್ಣ ಗುಂಡಿಯಿಂದ ಒಂದು ಸಲಿಕೆ ತುಂಬ ಎತ್ತಿ ಗೋಣಿಚೀಲದ ಮೇಲೆ ಹಾಕಿದ. ಕಪ್ಪಗೆ, ಉದುರುದುರಾಗಿ, ಅಲ್ಲಲ್ಲಿ ಒಂದು ಎರೆಹುಳ. ಇನ್ನೊಂದು ಸಲಿಕೆ, ಮತ್ತೊಂದು. ಎಲ್ಲಿದೆ ಅದು? ಅಷ್ಟು ಜನ ಅಷ್ಟು ದಿನ ಹಾಕಿದ್ದು, ಯಜಮಾನರು ಗ್ಲೌಸ್ ಹಾಕಿಕೊಂಡು ಬಗ್ಗಿಸಿದ್ದು, ಅವ್ವ ಬಸ್ಸಿನಿಂದ ಇಳಿಯಲಾರದೆ ಕೂತಿದ್ದು ಯಾವುದರಿಂದಲೋ ಅದು, ಎಲ್ಲಿ ಹೋಯಿತು? ಯಾರೂ ಮುಟ್ಟಲಿಲ್ಲ, ಯಾರೂ ತೊಳೆಯಲಿಲ್ಲ. ಕತ್ತಲಲ್ಲಿ, ಮುಚ್ಚಳದ ಕೆಳಗೆ, ನಾವೆಲ್ಲ ಉಂಡು ಮಲಗಿ ಜಗಳವಾಡುತ್ತಿದ್ದಾಗ, ತನ್ನಷ್ಟಕ್ಕೆ ಅದು ಮಣ್ಣಾಗಿತ್ತು. ಫಿನೈಲ್ ಕುಡಿದು ಸತ್ತದ್ದು ಕೂಡ ಸಗಣಿ ನೀರಿನಿಂದ ಮತ್ತೆ ಎದ್ದು ತನ್ನ ಕೆಲಸ ಮುಗಿಸಿತ್ತು. ನಾನು ಗುಡಿಗಳಲ್ಲಿ ನಿಂತಾಗ ನನ್ನ ಮನಸ್ಸು ಚಪ್ಪಲಿಯ ಮೇಲಿರುತ್ತದೆ. ಆ ಗುಂಡಿಯ ಮುಂದೆ ಮಾತ್ರ ನನಗೆ ಅರಿವಿಲ್ಲದೆ ಕೈ ಮುಗಿದಿತ್ತು.

ದೊಡ್ಡವ್ವ ಕುರ್ಚಿಯಿಂದ ಬಗ್ಗಿ ಒಂದು ಹಿಡಿ ಎತ್ತಿಕೊಂಡಳು. ಬೆರಳಲ್ಲಿ ಉಜ್ಜಿ, ಮೂಸಿ, ತಂಗಿಯ ಕಡೆ ಚಾಚಿದಳು.

"ತಕೊ, ನೋಡು. ಯಾವ್ದು ನಿಂದು, ಯಾವ್ದು ನಂದು, ಯೋಳು."

ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಎರಡೂ ಕೈ ಬೊಗಸೆ ಮಾಡಿ ಮುಂದಕ್ಕೆ ಒಡ್ಡಿದಳು, ತೀರ್ಥಕ್ಕೆ ಒಡ್ಡಿದಂತೆ. ದೊಡ್ಡವ್ವ ಅದರೊಳಗೆ ಸುರಿದಳು. ಅವ್ವ ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಳು. ಬೆರಳ ಸಂದಿಯಿಂದ ಸ್ವಲ್ಪ ಸ್ವಲ್ಪ ಉದುರುತ್ತಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ಕೆನ್ನೆ ಮೇಲೆ ಇಳಿಯಿತು, ಕೈ ಖಾಲಿ ಇರಲಿಲ್ಲವಾದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ಬಸ್ಸಿನ ದಿನ ಅಳದೆ ಇಟ್ಟುಕೊಂಡದ್ದೆಲ್ಲ ಇಲ್ಲಿ ಬಂತೆಂದು ನನಗನಿಸಿತು. ನಾನು ಒರೆಸಲು ಹೋದೆ, ದೊಡ್ಡವ್ವ ಬೇಡವೆಂದು ಕಣ್ಸನ್ನೆ ಮಾಡಿದಳು.

ಮಣ್ಣನ್ನು ಸೊಪ್ಪು ತರಕಾರಿಗೆ ಹಾಕುವುದು ಬೇಡವೆಂದು ಅಣ್ಣ ಹಿತ್ತಲ ತೆಂಗಿನ ಮರಗಳ ಬುಡಕ್ಕೂ ಹಲಸಿನ ಮರದ ಬುಡಕ್ಕೂ ಕೊಟ್ಟು, ಮೇಲೆ ತರಗು ಹರಡಿದ. ಎಲ್ಲರೂ ಸೋಪು ಹಾಕಿ ಕೈ ತೊಳೆದುಕೊಂಡೆವು. ಊಟವಾಯಿತು. ಅವತ್ತು ಊಟದ ಮಧ್ಯೆ ಗುಂಡಿಯ ಮಾತೇ ನಡೆಯಿತು, ಯಾರೂ ತಡೆಯಲಿಲ್ಲ.

ಸಾಯಂಕಾಲ ದೊಡ್ಡವ್ವ ಎಂದಿನಂತೆ ಮೊರ ತಂದು ಮಡಿಲು ತುಂಬಿದಳು. ಅವ್ವ ಸೆರಗಿನ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವ್ಯಾನಿನ ಮೆಟ್ಟಿಲವರೆಗೆ ಹೋದವಳು ಅಲ್ಲೇ ನಿಂತಳು. ಮಾತ್ರೆಗೇನೋ ಎಂದು ನಾನು ಸಣ್ಣ ಲೋಟ ಹುಡುಕುತ್ತಿದ್ದೆ.

"ಲೋಟ ಬ್ಯಾಡ. ಒಂದ್ ಚೊಂಬು ನೀರ್ ಕೊಡು" ಎಂದಳು.

ಅತ್ತಿಗೆ ಒಳಗೆ ಓಡಿ ಹೋಗಿ ಹಿತ್ತಾಳೆ ಚೊಂಬಿನ ತುಂಬ ನೀರು ತಂದಳು. ಅವ್ವ ತಲೆ ಹಿಂದಕ್ಕೆ ವಾಲಿಸಿ, ಚೊಂಬನ್ನು ಎತ್ತಿ ಹಿಡಿದು, ಗಟಗಟನೆ ಕುಡಿದಳು. ನೀರು ಗದ್ದದ ಮೇಲಿಂದ ಕತ್ತಿಗೆ ಇಳಿದು ರವಿಕೆ ನೆನೆಯಿತು. ನಡುವೆ ನಿಲ್ಲಿಸಲಿಲ್ಲ, ತಳದವರೆಗೂ ಕುಡಿದು, ಚೊಂಬನ್ನು ತಲೆಕೆಳಗು ಮಾಡಿ ಅಕ್ಕನಿಗೆ ತೋರಿಸಿದಳು. ಆಮೇಲೆ ಮೆಟ್ಟಿಲು ಹತ್ತಿ ಕಿಟಕಿಯ ಪಕ್ಕ ಕೂತು, ಸ್ಟೇರಿಂಗ್ ಹಿಡಿದಿದ್ದ ಅಳಿಯನಿಗೆ ಹೇಳಿದಳು.

"ಇವತ್ತು ಸೀದಾ ಮನೆಗ್ ಬ್ಯಾಡಿ. ಸುತ್ತಾಕ್ಕೊಂಡ್ ಓಗವಾ."

ಯಜಮಾನರು ಗಾಡಿಯನ್ನು ದೂರದ ದಾರಿಗೆ ತಿರುಗಿಸಿದರು.